ಜನಗಣತಿಯ ಒಂದೊಂದೇ ಕಾಲಂ, ನಮ್ಮ ಮನೆಗಳ ಹತ್ತಾರು ಉತ್ತರ

2027ರ ಫೆಬ್ರುವರಿಯಲ್ಲಿ ಗಣತಿದಾರರು ಬಾಗಿಲಿಗೆ ಬಂದಾಗ ನಿಮ್ಮ ಧರ್ಮ ಯಾವುದು, ಜಾತಿ ಯಾವುದು, ಮಾತೃಭಾಷೆ ಯಾವುದು ಅಂತ ಕೇಳುತ್ತಾರೆ. ಸುಲಭದ ಪ್ರಶ್ನೆಗಳು ಅನಿಸುತ್ತದೆ, ಅಲ್ವಾ? ಆದರೆ ಮುಂಬಯಿಯಲ್ಲಿರುವ ಕನ್ನಡಿಗರನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವವರು, ಸಂಘದ ಸಭೆಯಲ್ಲಿ ಕನ್ನಡ ಮಾತಾಡುವವರು, ಭಾಜಿವಾಲಿಯ ಹತ್ತಿರ ಮರಾಠಿ, ರಿಕ್ಷಾದಲ್ಲಿ ಹಿಂದಿ. ಊರಿನ ದೈವಕ್ಕೆ ಹರಕೆ ಹೊತ್ತುಕೊಂಡೇ ಬುಧವಾರ ಮಾಹಿಮ್ ಚರ್ಚಿಗೂ ಹೋಗಿ ಮೇಣದಬತ್ತಿ ಹಚ್ಚಿ ಬರುವವರು. ಇಂಥವರಿಗೆ ಒಂದೊಂದು ಪ್ರಶ್ನೆಗೂ ಒಂದೇ ಒಂದು ಉತ್ತರ ಹೇಳಿ ಅಂದರೆ ಕಷ್ಟ.

ಭಾರತದಲ್ಲಿ ಇಷ್ಟು ಧರ್ಮ, ಇಷ್ಟು ಭಾಷೆ ಅಂತ ನಾವು ಶಾಲೆಯಿಂದ ಓದುತ್ತ ಬಂದಿದ್ದೇವೆ. ಆ ಸಂಖ್ಯೆಗಳೆಲ್ಲ ಜನಗಣತಿಯಿಂದ ಬಂದವು. ಜನ ಹೇಳಿದ್ದು ಎಲ್ಲಿ ಕಳೆದುಹೋಗುತ್ತದೆ, ಯಾರು ಅದನ್ನು ಕಳೆಯುತ್ತಾರೆ ಅನ್ನೋದನ್ನ ಈಗಲೇ ತಿಳಿದುಕೊಳ್ಳಬೇಕು. ಈ ಸಲ ತಪ್ಪಿದರೆ ಮತ್ತೆ ಎಷ್ಟು ವರ್ಷ ಕಾಯಬೇಕೋ.

ಮೊದಲು ವೇಳಾಪಟ್ಟಿ. ಮನೆಗಳ ಪಟ್ಟಿ ಮಾಡುವ ಮೊದಲ ಹಂತಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಅಂತ ಗೊತ್ತು ಮಾಡಿದ್ದಾರೆ. ಜನರನ್ನು ಎಣಿಸುವುದು 2027ರ ಫೆಬ್ರುವರಿಯಲ್ಲಿ, ಲೆಕ್ಕಕ್ಕೆ ಹಿಡಿಯುವ ಹೊತ್ತು ಮಾರ್ಚ್ 1 ಶುರುವಾಗುವ ಮಧ್ಯರಾತ್ರಿ. ಲಡಾಖ್‌ನಂಥ ಹಿಮ ಬೀಳುವ ಕಡೆಗಳಲ್ಲಿ ಮಾತ್ರ 2026ರ ಅಕ್ಟೋಬರ್ 1. 1881ರಿಂದ ಹತ್ತು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಗಣತಿ 2021ರಲ್ಲಿ ಮೊದಲ ಸಲ ತಪ್ಪಿತು. ಹಾಗಾಗಿ ನಾವು ಇವತ್ತು ಹೇಳುವ ಅಂಕಿಗಳೆಲ್ಲ 2011ರವು. ಇನ್ನೊಂದು ದೊಡ್ಡ ಬದಲಾವಣೆ ಅಂದರೆ, 1931ರ ನಂತರ ಮೊದಲ ಸಲ ಗಣತಿಯಲ್ಲಿ ಎಲ್ಲರ ಜಾತಿಯನ್ನೂ ಬರೆದುಕೊಳ್ಳುತ್ತಾರೆ.

2011ರ ಧರ್ಮದ ಲೆಕ್ಕ ಹೀಗಿದೆ. ಹಿಂದೂಗಳು ಶೇ 79.8, ಮುಸ್ಲಿಮರು ಶೇ 14.2, ಕ್ರೈಸ್ತರು ಶೇ 2.3, ಸಿಖ್ಖರು ಶೇ 1.7, ಬೌದ್ಧರು ಶೇ 0.7, ಜೈನರು ಶೇ 0.4, ಉಳಿದ ಧರ್ಮಗಳವರು ಶೇ 0.7ರ ಹತ್ತಿರ. ಧರ್ಮ ಹೇಳದವರು 28 ಲಕ್ಷಕ್ಕೂ ಜಾಸ್ತಿ. ಈ ಲೆಕ್ಕ ಬೇಡ ಅಂತ ನಾನು ಹೇಳುತ್ತಿಲ್ಲ. ದೇಶದ ಸುಮಾರು 84 ಲಕ್ಷ ಬೌದ್ಧರಲ್ಲಿ 65 ಲಕ್ಷ ಜನ ಮಹಾರಾಷ್ಟ್ರದಲ್ಲೇ ಇದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಅವರು ತೆಗೆದುಕೊಂಡ ದೀಕ್ಷೆ ಎಷ್ಟು ಮನೆಗಳನ್ನು ಬದಲಿಸಿತು ಅನ್ನೋದಕ್ಕೆ ಆ ಸಂಖ್ಯೆಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಪಾರ್ಸಿಗಳು 2001ರಲ್ಲಿ 69,601 ಇದ್ದವರು 2011ಕ್ಕೆ 57,264ಕ್ಕೆ ಇಳಿದರು. ಈ ಮುಂಬಯಿಯನ್ನು ಕಟ್ಟಿದವರಲ್ಲಿ ಒಂದು ಸಮುದಾಯ ಕರಗುತ್ತಿದೆ ಅಂತ ಗಟ್ಟಿಯಾಗಿ ಗೊತ್ತಾಗಿದ್ದೂ ಗಣತಿಯಿಂದಲೇ.

ತೊಂದರೆ ಇರುವುದು ಬೇರೆ ಕಡೆ. ಈ ಪಟ್ಟಿ ನೋಡಿದರೆ ದೇಶದಲ್ಲಿ ಆರೇಳು ಗುಂಪುಗಳು ಗೋಡೆ ಹಾಕಿಕೊಂಡು ಬದುಕುತ್ತಿವೆ ಅನಿಸಿಬಿಡುತ್ತದೆ. ನಮ್ಮ ಊರುಗಳ ಕಡೆ ಬದುಕು ಹಾಗಿಲ್ಲ. ಧರ್ಮಸ್ಥಳವನ್ನೇ ನೋಡಿ. ದೇವರು ಮಂಜುನಾಥ, ಅಂದರೆ ಶಿವ. ಪೂಜೆ ಮಾಡುವವರು ಮಾಧ್ವ ವೈಷ್ಣವರು. ಕ್ಷೇತ್ರ ನಡೆಸುವವರು ಜೈನರಾದ ಹೆಗ್ಗಡೆ ಮನೆತನ. ಜೊತೆಗೆ ನಾಲ್ಕು ಧರ್ಮದೈವಗಳು. ಇದನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ? ಕರಾವಳಿಯ ಮೊಗವೀರರು ನಂಬುವ ಬೊಬ್ಬರ್ಯ ದೈವ, ಪಾಡ್ದನದ (ತುಳು ಜನಪದ ಹಾಡಿನ) ಕತೆಯಲ್ಲಿ ಮುಸ್ಲಿಂ ವ್ಯಾಪಾರಿಯೊಬ್ಬನ ಮಗ. ಸಮುದ್ರಕ್ಕೆ ಇಳಿಯುವವರನ್ನು ಅವನು ಕಾಯುತ್ತಾನೆ ಅನ್ನೋದು ನಂಬಿಕೆ. ಆ ಮೊಗವೀರರು 1902ರಷ್ಟು ಹಿಂದೆಯೇ ಮುಂಬಯಿಯಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು. ಊರು ಬಿಟ್ಟು ಬಂದರೂ ಬೊಬ್ಬರ್ಯನನ್ನು ಬಿಡಲಿಲ್ಲ.

ಉತ್ತರ ಕರ್ನಾಟಕದಿಂದ ಬಂದವರ ಕಡೆ ನೋಡಿದರೆ ಮೊಹರಂ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಕಡೆ ಮುಸ್ಲಿಂ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ಕುಣಿ (ಬೆಂಕಿ ಹಾಕುವ ಗುಂಡಿ) ತೋಡುತ್ತಾರೆ, ಪೀರಲ ದೇವರನ್ನು ಕೂರಿಸುತ್ತಾರೆ, ಸಕ್ಕರೆ ಓದಿಸುತ್ತಾರೆ, ಮೊಹರಂ ಹಾಡುಗಳಾದ ರಿವಾಯತ್ ಪದ ಹಾಡುತ್ತ ಹೆಜ್ಜೆ ಹಾಕುತ್ತಾರೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನಿಗೆ ಎರಡೂ ಕಡೆಯ ಭಕ್ತರಿದ್ದಾರೆ. ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು ದೀಪಾವಳಿಗೆ ಊರಿಗೆ ಹೋಗದಿದ್ದರೂ ಮೊಹರಂಗೆ ಹೋಗಲೇಬೇಕು ಅಂತ ಗುತ್ತಿಗೆದಾರರ ಹತ್ತಿರ ರಜೆ ಕೇಳುತ್ತಾರೆ. ಮುಂಬಯಿಯೇನೂ ಇದಕ್ಕೆ ಹೊರತಲ್ಲ. ಮಾಹಿಮ್ ದರ್ಗಾದ ಉರುಸಿನಲ್ಲಿ ಚಾದರ ಹೊದಿಸುವ ಮೊದಲ ಗೌರವ ಮುಂಬಯಿ ಪೊಲೀಸರದ್ದು. ಅಲ್ಲೇ ಹತ್ತಿರದ ಸೇಂಟ್ ಮೈಕಲ್ ಚರ್ಚಿನ ಬುಧವಾರದ ನೊವೇನಾ ಪ್ರಾರ್ಥನೆಗೆ ಬರುವವರಲ್ಲಿ ಕ್ರೈಸ್ತರಲ್ಲದವರು ಬೇಕಾದಷ್ಟು.

ಇದನ್ನೆಲ್ಲ ಹೇಳಿ ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ಬಿಂಬಿಸುವುದು ತಪ್ಪಾಗುತ್ತದೆ. 1992–93ರ ಗಲಭೆಯಲ್ಲಿ ಇದೇ ನಗರದಲ್ಲಿ 900 ಜನ ಸತ್ತರು ಅಂತ ಶ್ರೀಕೃಷ್ಣ ಆಯೋಗ ದಾಖಲಿಸಿದೆ. ಆಮೇಲೆ ಎಷ್ಟೋ ಕುಟುಂಬಗಳು ಮಿಶ್ರ ಬಡಾವಣೆಗಳನ್ನು ಬಿಟ್ಟು ತಮ್ಮವರೇ ಇರುವ ಕಡೆ ಹೋದವು. ಠಾಣೆಯ ಹತ್ತಿರದ, ಮುಸ್ಲಿಮರೇ ಹೆಚ್ಚಿರುವ ಮುಂಬ್ರಾ ಅಷ್ಟು ಬೇಗ ಬೆಳೆದದ್ದಕ್ಕೆ ಅದೂ ಒಂದು ಕಾರಣ. ಒಟ್ಟಿಗೆ ಹರಕೆ ಹೊತ್ತವರೂ ಭಯ ಬಂದಾಗ ಬೇರೆ ಬೇರೆ ಆಗುತ್ತಾರೆ. ಆದ್ದರಿಂದ ಧರ್ಮ ಕೇಳಿದಾಗ ಕೆಲವರಿಗೆ ಅಳುಕಾಗುವುದು ಸಹಜ. ಅಂಥವರಿಗೆ ಒಂದು ವಿಷಯ ಗೊತ್ತಿರಲಿ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ನೀವು ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರು ನೋಡುವ ಹಾಗಿಲ್ಲ. ಕೋರ್ಟಿನಲ್ಲೂ ಅದನ್ನು ಸಾಕ್ಷಿಯಾಗಿ ಬಳಸುವ ಹಾಗಿಲ್ಲ. ಹಾಗೆಯೇ ಧರ್ಮ, ಜಾತಿ, ಭಾಷೆಗೆ ಯಾವ ದಾಖಲೆಯನ್ನೂ ತೋರಿಸಬೇಕಿಲ್ಲ. ನೀವು ಹೇಳಿದ್ದನ್ನು ಬರೆದುಕೊಳ್ಳುವುದಷ್ಟೇ ಗಣತಿದಾರರ ಕೆಲಸ.

ಹೇಳಿದ್ದನ್ನು ಹೇಳಿದ ಹಾಗೆ ಉಳಿಸಿಕೊಳ್ಳುತ್ತಾರಾ? ಇಲ್ಲಿಂದ ಕಗ್ಗಂಟು ಶುರು, ಅದೂ ಹಳೆಯ ಕಗ್ಗಂಟು. 1911ರ ಗಣತಿಯಲ್ಲಿ ಬಾಂಬೆ ಪ್ರಾಂತ್ಯದ ಅಧಿಕಾರಿ, ಆಗ ಆ ಪ್ರಾಂತ್ಯದಲ್ಲೇ ಇದ್ದ ಗುಜರಾತಿನ ಕೆಲವು ಸಮುದಾಯಗಳನ್ನು ‘ಹಿಂದೂ-ಮುಹಮ್ಮದನ್’ ಅಂತ ಬೇರೆಯಾಗಿಯೇ ಬರೆದರು. ಅವರಲ್ಲಿ ಮತಿಯಾ ಕುಣಬಿಗಳು ಮುಖ್ಯ ಕಾರ್ಯಗಳಿಗೆ ಬ್ರಾಹ್ಮಣರನ್ನು ಕರೆಯುತ್ತಿದ್ದರು, ಪಿರಾಣಾದ ಇಮಾಮ್ ಶಾ ಸಂತನಿಗೆ ನಡೆದುಕೊಳ್ಳುತ್ತಿದ್ದರು, ಸತ್ತವರನ್ನು ಹೂಳುತ್ತಿದ್ದರು. ದೇಶದ ಗಣತಿ ಕಮಿಷನರ್ ಆಗಿದ್ದ ಗೇಟ್ ಅವರಿಗೆ ಇದು ಹಿಡಿಸಲಿಲ್ಲ. ಯಾವುದಾದರೂ ಒಂದು ಕಡೆ ಸೇರಿಸಬೇಕಿತ್ತು ಅಂತ ಆಕ್ಷೇಪ ಎತ್ತಿದರು. ನೂರು ವರ್ಷ ಕಳೆದರೂ ಕಚೇರಿಯ ಬುದ್ಧಿ ಅಷ್ಟೇನೂ ಬದಲಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ.

2011ರ ನಮೂನೆಯಲ್ಲಿ ಆರು ಧರ್ಮಗಳಿಗೆ ಮಾತ್ರ ಕೋಡ್ ಇತ್ತು. ಉಳಿದವರ ಧರ್ಮದ ಹೆಸರನ್ನು ಪೂರ್ತಿ ಬರೆದುಕೊಳ್ಳುತ್ತಿದ್ದರು, ಆಮೇಲೆ ಕಚೇರಿಯಲ್ಲಿ ವಿಂಗಡಿಸುತ್ತಿದ್ದರು. ಜಾರ್ಖಂಡ್ ಮತ್ತು ಸುತ್ತಮುತ್ತಲಿನ ಆದಿವಾಸಿಗಳಲ್ಲಿ ಸುಮಾರು 49 ಲಕ್ಷ ಜನ ಹಟ ಹಿಡಿದು ತಮ್ಮ ಪ್ರಕೃತಿ ಪೂಜೆಯ ಧರ್ಮದ ಹೆಸರು ‘ಸರನಾ’ ಅಂತ ಬರೆಸಿದರು, ಜೈನರ ಒಟ್ಟು ಸಂಖ್ಯೆಗಿಂತ ಇದು ಜಾಸ್ತಿ. ಆದರೂ ಅವರಿಗೆ ಸ್ವಂತ ಕೋಡ್ ಇರಲಿಲ್ಲ. 2020ರ ನವೆಂಬರ್‌ನಲ್ಲಿ ಜಾರ್ಖಂಡ್ ವಿಧಾನಸಭೆ ಅದಕ್ಕಾಗಿ ನಿರ್ಣಯವನ್ನೇ ಮಾಡಿತು. ನಮ್ಮ ಕಡೆಯ ಉದಾಹರಣೆ ಲಿಂಗಾಯತರದ್ದು. ಬೆಂಗಳೂರಿನಲ್ಲಿ ಮಾತ್ರ ಇದು ಚರ್ಚೆ ಅಂದುಕೊಳ್ಳಬೇಡಿ, ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರದಲ್ಲೂ ದೊಡ್ಡ ಸಂಖ್ಯೆಯಲ್ಲಿ ಲಿಂಗಾಯತರಿದ್ದಾರೆ. ಲಿಂಗಾಯತ ಅಂತ ಬರೆಸಿದರೂ ಗಣತಿ ಕಚೇರಿ ಅವರನ್ನು ಹಿಂದೂ ಲೆಕ್ಕಕ್ಕೇ ಸೇರಿಸಿದೆ. ನಾಗಮೋಹನ ದಾಸ್ ಸಮಿತಿಯ ವರದಿ ಆಧರಿಸಿ 2018ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ರತ್ಯೇಕ ಧರ್ಮದ ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ. ಲಿಂಗಾಯತ ಬೇರೆ ಧರ್ಮವೋ ಅಲ್ಲವೋ ಅನ್ನೋದನ್ನ ನಾನು ತೀರ್ಮಾನ ಮಾಡಲಾರೆ, ಬಸವಣ್ಣನ ವಚನ ಓದಿ ಬೆಳೆದವರಲ್ಲೇ ಎರಡೂ ಅಭಿಪ್ರಾಯ ಇವೆ. ಆದರೆ ಎಷ್ಟು ಜನ ಹಾಗೆ ಬರೆಸಿದರು ಅನ್ನೋ ಸಂಖ್ಯೆಯಾದರೂ ಎದ್ದು ಕಾಣುವ ಹಾಗೆ ಪ್ರಕಟ ಆಗಬೇಕು.

ಕಾಲಂ ಬದಲಾದರೆ ಬದುಕೂ ಬದಲಾಗುತ್ತದೆ ಅನ್ನೋದು ಇಲ್ಲಿಯ ಒಳಸುಳಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಇವತ್ತಿಗೂ ಹೊರಗೆ. ಅವರ ವಿಷಯ ನೋಡಲು 2022ರಲ್ಲಿ ನ್ಯಾಯಮೂರ್ತಿ ಬಾಲಕೃಷ್ಣನ್ ಆಯೋಗ ಮಾಡಿದ್ದಾರೆ. ಹೀಗಿರುವಾಗ ತಾನು ನಂಬುವುದನ್ನೇ ಬರೆಸಬೇಕೋ, ಮಕ್ಕಳ ಸೀಟು ಉಳಿಸಿಕೊಳ್ಳಬೇಕೋ ಅಂತ ಒಬ್ಬ ಮನುಷ್ಯ ಯೋಚಿಸಬೇಕಾಗುತ್ತದೆ. ಅದು ಅನ್ಯಾಯ. ನಂಬಿಕೆ ಬದಲಿಸಿದ ಮಾತ್ರಕ್ಕೆ ಊರಿನವರು ಜಾತಿ ಮರೆಯುವುದಿಲ್ಲ ಅಂತ ನಮಗೆಲ್ಲ ಗೊತ್ತಿದೆ.

ಈಗ ಭಾಷೆಗೆ ಬರೋಣ. ಮುಂಬಯಿ ಕನ್ನಡಿಗರಿಗೆ ಜಾಸ್ತಿ ತಲೆನೋವು ಆಗುವುದು ಇಲ್ಲೇ.

2011ರಲ್ಲಿ ದೇಶದ ಜನ ತಮ್ಮ ಮಾತೃಭಾಷೆ ಅಂತ 19,569 ಹೆಸರು ಹೇಳಿದರು. ಒಂದೇ ಭಾಷೆಯನ್ನು ಹತ್ತು ಥರ ಕರೆದದ್ದು, ಊರಿನ ಹೆಸರು, ಜಾತಿಯ ಹೆಸರು ಎಲ್ಲ ಅದರಲ್ಲಿ ಸೇರಿತ್ತು. ಸೋಸಿದ ಮೇಲೆ 1,369 ಮಾತೃಭಾಷೆಗಳು ಉಳಿದವು. ಅದರಲ್ಲಿ ಹತ್ತು ಸಾವಿರಕ್ಕಿಂತ ಕಮ್ಮಿ ಜನ ಆಡುವವುಗಳನ್ನು ಬದಿಗಿಟ್ಟು, ಉಳಿದ 270ನ್ನು 121 ಭಾಷೆಗಳ ಕೆಳಗೆ ಗುಂಪು ಮಾಡಿದರು. ಈ ಗುಂಪು ಮಾಡುವುದಿದೆಯಲ್ಲ, ಅದು ಬಹಳ ದೊಡ್ಡ ಕೆಲಸ. ಹಿಂದಿ ಆಡುವವರು 52.8 ಕೋಟಿ ಅಂತ ಪೇಪರಿನಲ್ಲಿ ಬರುತ್ತದೆ. ತಮ್ಮ ಮಾತೃಭಾಷೆ ‘ಹಿಂದಿ’ ಅಂತಲೇ ಹೇಳಿದವರು ಸುಮಾರು 32 ಕೋಟಿ. ಉಳಿದವರು ಭೋಜಪುರಿ, ರಾಜಸ್ಥಾನಿ, ಛತ್ತೀಸಗಢಿ ಅಂತ ಹೇಳಿದವರು. ಭೋಜಪುರಿಯವರೇ 5 ಕೋಟಿ. ಕಲಬುರಗಿ, ವಿಜಯಪುರದ ತಾಂಡಾಗಳಿಂದ ಮುಂಬಯಿ, ಪುಣೆ, ಗೋವಾದ ಕಟ್ಟಡ ಕೆಲಸಕ್ಕೆ ಬರುವ ಲಂಬಾಣಿಗಳ ಮಾತನ್ನೂ ಹಿಂದಿಯ ಕೆಳಗೇ ಹಾಕಿದ್ದಾರೆ, 32 ಲಕ್ಷಕ್ಕೂ ಜಾಸ್ತಿ ಜನ. ಗೋರಮಾಟಿ, ಅಂದರೆ ಲಂಬಾಣಿ ಮಾತು, ಆಡುವ ತಾಯಿಗೆ ನಿನ್ನದು ಹಿಂದಿ ಅಂತ ಯಾರು ಹೇಳಬೇಕು?

ನಾವೂ ಇದರಲ್ಲಿ ಹೊರಗಿನವರಲ್ಲ. ಕನ್ನಡದ 4.37 ಕೋಟಿಯಲ್ಲಿ ನೀಲಗಿರಿಯ ಬಡಗರ 1.33 ಲಕ್ಷ ಸೇರಿದೆ. ತಮ್ಮದು ಬೇರೆ ಭಾಷೆ ಅಂತ ಬಡಗರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಹಿಂದಿಯ ವಿಷಯದಲ್ಲಿ ದನಿ ಎತ್ತುವ ಕನ್ನಡಿಗರು ಬಡಗರ ಪರವಾಗಿಯೂ ದನಿ ಎತ್ತಬೇಕು, ಆಗ ಮಾತಿಗೆ ತೂಕ ಇರುತ್ತದೆ.

ಇನ್ನು ತುಳು. 2011ರಲ್ಲಿ ತುಳು ಅಂತ ಬರೆಸಿದವರು 18.46 ಲಕ್ಷ. ಸಂವಿಧಾನದ ಭಾಷೆಗಳ ಪಟ್ಟಿಯಾದ ಎಂಟನೇ ಪರಿಚ್ಛೇದದಲ್ಲಿ ತುಳುವಿಗೆ ಜಾಗ ಇಲ್ಲ, ಆದರೆ ಗಣತಿಯಲ್ಲಿ ಅದು ಬೇರೆ ಭಾಷೆಯಾಗಿಯೇ ಅಚ್ಚಾಗುತ್ತದೆ. ಮುಂಬಯಿಯಲ್ಲಿ ಕನ್ನಡ ಕಟ್ಟಿದವರಲ್ಲಿ ತುಳುವರದ್ದು ದೊಡ್ಡ ಪಾಲು. ಹೋಟೆಲಿನಲ್ಲಿ ಹಗಲಿಡೀ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಓದಿದ ಹುಡುಗರು, ಕನ್ನಡ ಪತ್ರಿಕೆ ನಡೆಸಿದವರು, ಯಕ್ಷಗಾನ, ನಾಟಕ ಆಡಿಸಿದವರು, ಇವರಲ್ಲಿ ಎಷ್ಟೋ ಜನ ಮನೆಯಲ್ಲಿ ಆಡಿದ್ದು ತುಳು. ಕೊಂಕಣಿಗರದ್ದೂ ಇದೇ ಕತೆ. ಅಮ್ಮ ಆಡಿದ ಭಾಷೆ ಒಂದು, ಅಕ್ಷರ ಕೊಟ್ಟ ಭಾಷೆ ಇನ್ನೊಂದು, ಎರಡಕ್ಕೂ ಜೀವ ಬಿಡುತ್ತಾರೆ. 2011ರಲ್ಲಿ ಇಡೀ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಈ ಅಂಕಿಯಲ್ಲಿ ಮುಂಬಯಿಯ ಈ ತುಳುವರು, ಕೊಂಕಣಿಗರು ಪೂರ್ತಿ ಇಲ್ಲ.

ಅದಕ್ಕೇ ಗಣತಿಯ ಮಾತು ಬಂದಾಗೆಲ್ಲ ಎರಡು ವಾದ ಕೇಳಿಬರುತ್ತದೆ. ಒಬ್ಬರು ‘ಎಲ್ಲರೂ ಕನ್ನಡ ಅಂತ ಬರೆಸಿ, ಇಲ್ಲದಿದ್ದರೆ ಇಲ್ಲಿಯ ಕನ್ನಡ ಶಾಲೆ ಉಳಿಯುವುದಿಲ್ಲ’ ಅನ್ನುತ್ತಾರೆ. ಇನ್ನೊಬ್ಬರು ‘ತುಳುವರೆಲ್ಲ ತುಳು ಬರೆಸಿ, ಎಂಟನೇ ಪರಿಚ್ಛೇದಕ್ಕೆ ಬಲ ಬರುತ್ತದೆ’ ಅನ್ನುತ್ತಾರೆ. ಎರಡೂ ಕಳಕಳಿ ನಿಜವಾದದ್ದೇ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟುವ ಹಕ್ಕು ಕೊಡುತ್ತದೆ, 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಸಿಗಬೇಕು ಅನ್ನುತ್ತದೆ. ಅಲ್ಪಸಂಖ್ಯಾತರು ಯಾರು ಅಂತ ರಾಜ್ಯವಾರು ನೋಡಬೇಕು ಅಂತ ಸುಪ್ರೀಂ ಕೋರ್ಟಿನ 2002ರ ಟಿ.ಎಂ.ಎ. ಪೈ ತೀರ್ಪು ಹೇಳಿದೆ. ಮುಂಬಯಿ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದಿದೆ, ಕನ್ನಡವೂ ಅದರಲ್ಲಿ ಒಂದು. ಸಂಖ್ಯೆ ಇಳಿದರೆ ಕೇಳುವ ದನಿಯೂ ಸಣ್ಣದಾಗುತ್ತದೆ ಅನ್ನೋ ಹೆದರಿಕೆ ಅರ್ಥವಾಗುತ್ತದೆ.

ಆದರೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಅಮ್ಮ ಆಡಿದ್ದು ತುಳು ಆಗಿದ್ದರೆ ತುಳು ಅಂತಲೇ ಬರೆಸಿ. ಗಣತಿಯ ಪ್ರಕಾರ ಮಾತೃಭಾಷೆ ಅಂದರೆ ಬಾಲ್ಯದಲ್ಲಿ ತಾಯಿ ನಮ್ಮ ಜೊತೆ ಆಡಿದ ಭಾಷೆ. ಹಾಗಾದರೆ ಕನ್ನಡ ಎಲ್ಲಿ ಹೋಗಬೇಕು? ಅದಕ್ಕೇ ಇನ್ನೊಂದು ಪ್ರಶ್ನೆ ಇತ್ತು, ಬಹಳ ಜನ ಅದನ್ನು ಗಮನಿಸಲೇ ಇಲ್ಲ. ಮಾತೃಭಾಷೆಯಲ್ಲದೆ ಗೊತ್ತಿರುವ ಇನ್ನೂ ಎರಡು ಭಾಷೆ ಹೇಳಬಹುದು. 2011ರಲ್ಲಿ ಇದು ಇತ್ತು, ಅದರ ಅಂಕಿ ಪಟ್ಟಿಗಳೂ ಪ್ರಕಟ ಆಗಿವೆ. ಅಲ್ಲಿ ಮೊದಲು ಕನ್ನಡ ಹೇಳಿ. ಮುಂಬಯಿಯವರು ಸುಮ್ನೆ ಹಿಂದಿ, ಇಂಗ್ಲಿಷ್ ಅಂತ ಹೇಳಿ ಮುಗಿಸಿಬಿಡುತ್ತಾರೆ, ಮರಾಠಿ, ಕನ್ನಡ ಎರಡೂ ಬಿಟ್ಟುಹೋಗುತ್ತವೆ. ಈ ನಗರದಲ್ಲಿ ಕನ್ನಡ ಬಲ್ಲವರು ಎಷ್ಟು ಅಂತ ಹೇಳುವ ಸಂಖ್ಯೆ ಇದೊಂದೇ. ನಮ್ಮ ಸಂಘಗಳು ಮಾತೃಭಾಷೆಯ ಕಾಲಂಗಾಗಿ ಜಗಳ ಆಡುವ ಬದಲು ಈ ಕಾಲಂ ತುಂಬಿಸಲಿ.

ಇನ್ನೊಂದು ಕಹಿ ಸತ್ಯ ಇದೆ. ಇವತ್ತು ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಹುಟ್ಟಿದ ಮಗುವಿನ ಜೊತೆ ತಾಯಿ ಆಡುತ್ತಿರುವುದು ತುಳುವೂ ಇರಲಿಕ್ಕಿಲ್ಲ, ಕನ್ನಡವೂ ಇರಲಿಕ್ಕಿಲ್ಲ. ಅಪ್ಪ ಬಂಟರವನು, ಅಮ್ಮ ಗುಜರಾತಿ, ಮನೆಯ ಮಾತು ಹಿಂದಿ. ಮನೆಯ ಯಜಮಾನ ಎಲ್ಲರ ಹೆಸರಿನ ಮುಂದೆ ತನ್ನ ಭಾಷೆಯನ್ನೇ ಬರೆಸಿಬಿಡುವುದು ರೂಢಿ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕೇಳಿ ಬರೆಯಬೇಕು ಅನ್ನೋದು ನಿಯಮ. ಸೊಸೆಯ ಭಾಷೆ ಸೊಸೆಯದ್ದು. ಅವಳ ಧರ್ಮವೂ ಅಷ್ಟೇ, ಮದುವೆಯಾದ ಕೂಡಲೇ ಗಂಡನ ಕಾಲಂಗೆ ಸೇರಬೇಕಿಲ್ಲ.

ಜಾತಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1931ರಲ್ಲಿ ಸಿಕ್ಕಿದ್ದು 4,147 ಜಾತಿ. 2011ರ ಸಾಮಾಜಿಕ-ಆರ್ಥಿಕ ಸಮೀಕ್ಷೆಯಲ್ಲಿ ಜನ ಹೇಳಿದ್ದನ್ನೆಲ್ಲ ಹಾಗೇ ಬರೆದುಕೊಂಡು 46 ಲಕ್ಷ ಹೆಸರುಗಳಾದವು, ಕೇಂದ್ರ ಸರ್ಕಾರ ಅದನ್ನು ಪ್ರಕಟಿಸಲೇ ಇಲ್ಲ. ಜಾತಿ, ಉಪಜಾತಿ, ಬಳಿ (ಕುಲ), ಮನೆತನದ ಹೆಸರು ಎಲ್ಲ ಕಲಸಿಹೋಗಿತ್ತು. ಮುಂಬಯಿಯಲ್ಲಿ ನಮ್ಮವರು ಶೆಟ್ಟಿ ಅಂತ ಹೇಳಿ ಸುಮ್ಮನಾಗುತ್ತಾರೆ. ಬಂಟರಲ್ಲೂ ಶೆಟ್ಟರಿದ್ದಾರೆ, ಲಿಂಗಾಯತ ಬಣಜಿಗರಲ್ಲೂ ಇದ್ದಾರೆ. ಪೂಜಾರಿ ಅಂದರೆ ಇಲ್ಲಿನ ಗಣತಿದಾರರಿಗೆ ದೇವಸ್ಥಾನದ ಅರ್ಚಕ ಅನಿಸಬಹುದು, ಬಿಲ್ಲವ ಅಂತ ಬಿಡಿಸಿ ಹೇಳಬೇಕು. ಅಡ್ಡಹೆಸರು ನೋಡಿ ಗಣತಿದಾರರೇ ಊಹೆ ಮಾಡಿ ತುಂಬಿದರೆ ನಿಲ್ಲಿಸಿ, ಏನು ಬರೆದಿರಿ ಅಂತ ಕೇಳಿ. ಈ ಸಲ ಫೋನಿನ ಆ್ಯಪ್‌ನಲ್ಲಿ ತುಂಬುತ್ತಾರೆ, ಸ್ವತಃ ನಾವೇ ಆನ್‌ಲೈನ್‌ನಲ್ಲಿ ತುಂಬುವ ಅವಕಾಶವೂ ಇದೆ. ಓದಲು ಬರೆಯಲು ಬರುವವರಿಗೆ ಅದೇ ಒಳ್ಳೆಯದು.

ಓದಲು ಬಾರದವರು, ಫೋನಿಗೆ ಸಿಗದವರು ಏನು ಮಾಡಬೇಕು? ನವಿ ಮುಂಬಯಿ, ಪನವೇಲ್, ಠಾಣೆಯ ಹೊಸ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಯಾದಗಿರಿಯ, ವಿಜಯಪುರದ ಕುಟುಂಬಗಳಿವೆ. ಗಣತಿದಾರರು ಬಂದಾಗ ಅವರ ಪರವಾಗಿ ಕೂಲಿಗಳ ಮೇಸ್ತ್ರಿಯಾದ ಮುಕಾದಮನೋ ಸೈಟಿನ ಸೂಪರ್‌ವೈಸರನೋ ಉತ್ತರ ಕೊಡುತ್ತಾನೆ, ಎಲ್ಲರದ್ದೂ ಹಿಂದೂ, ಹಿಂದಿ ಅಂತ ಒಂದೇ ಉಸಿರಿಗೆ ಮುಗಿಸಿಬಿಡುತ್ತಾನೆ. ಲಂಬಾಣಿ ಮಾತು, ಕನ್ನಡ, ಮೊಹರಂ ಎಲ್ಲ ಅಲ್ಲಿಗೇ ಅಳಿಸಿಹೋಗುತ್ತದೆ. ಈ ಮೂರೂ ಕಡೆ ಕರ್ನಾಟಕ ಸಂಘಗಳಿವೆ, ಜಾತಿ ಸಂಘಗಳಿವೆ, ಭಾನುವಾರ ಬಿಡುವಿರುವ ಯುವಕ ಯುವತಿಯರೂ ಇದ್ದಾರೆ. ಫೆಬ್ರುವರಿಗೆ ಮುಂಚೆಯೇ ಸಂಘದವರು ವಾರ್ಡ್ ಕಚೇರಿಗೆ ಹೋಗಿ, ಯಾವ ಸೈಟು ಯಾವ ಗಣತಿದಾರರಿಗೆ ಬರುತ್ತದೆ ಅಂತ ಕೇಳಬಹುದು. ಕನ್ನಡ ಬಲ್ಲ ಇಬ್ಬರು ಆ ದಿನ ಜೊತೆಗೆ ಹೋಗಿ, ಪ್ರಶ್ನೆಗಳನ್ನು ಆ ಹೆಂಗಸರಿಗೆ, ಗಂಡಸರಿಗೆ ಅವರ ಮಾತಿನಲ್ಲಿ ಕೇಳಿ, ಅವರು ಹೇಳಿದ ಉತ್ತರವನ್ನು ಅವರೆದುರೇ ಬರೆಸಬಹುದು.